ಮೂಗಿನ ಪಾಲಿಪ್‌ಗೆ ದುರ್ಬೀನ್ ಆಪರೇಷನ್: ಐದಾರು ವರ್ಷ ಆದೋರು ಹೇಳಿ

ಬೇಲೂರು ಹುಡುಗ: ತಮ್ಮನಿಗೆ ಮೂಗಿನ ಎರಡೂ ಕಡೆ ಪಾಲಿಪ್ (ಒಳಪೊರೆ ಊದಿ ಬೆಳೆಯೋ ಮೆತ್ತನೆ ಗಡ್ಡೆ), ಜೊತೆಗೆ ಧೂಳಿನ ಅಲರ್ಜಿ. ಹಾಸನದ ಇಎನ್‌ಟಿ ಡಾಕ್ಟ್ರು ಫೆಸ್, ಅಂದ್ರೆ ಮೂಗಿನ ಪಕ್ಕದ ಗಾಳಿಗೂಡುಗಳ (ಸೈನಸ್) ದುರ್ಬೀನ್ ಆಪರೇಷನ್, ಮಾಡಿಸಿ ಅಂತಿದಾರೆ. ಮಾಡಿಸ್ಕೊಂಡೋರು ಈಗ ಹೇಗಿದೀರಿ? ಮತ್ತೆ ಬಂತಾ?

ಮೂಡಿಗೆರೆ ತೋಟ: ಬಂತು. 2016ರಲ್ಲಿ ಮಾಡಿಸಿದ್ದು. ಮಾರನೇ ವರ್ಷ ಕಾಫಿ ಹೂವಿನ ಘಮ ಮೂಗಿಗೆ ಬಡಿದಾಗ ಹೆಂಡ್ತೀನ ಕೂಗಿ ಕರೆದಿದ್ದೆ. 2019ರ ಮಳೆಗಾಲಕ್ಕೆ ಘಮವೂ ಇಲ್ಲ, ನಾತವೂ ಇಲ್ಲ. ಪ್ಯಾಕೇಜ್ 62,000 ಅಂದಿದ್ರು. ಪಾಲಿಪ್ ಕೆರೆದು ತೆಗೆಯೋ ಡಿಬ್ರೈಡರ್ ಬ್ಲೇಡ್ ಬೇರೆ 9,500, ಬಯಾಪ್ಸಿ 1,800, ಸಿಟಿ ಸ್ಕ್ಯಾನ್ 3,200. ಆಮೇಲೆ ಹಕ್ಕಳೆ ತೆಗೆಸೋಕೆ ಹೋದಾಗೆಲ್ಲ 700. ಆ ಹಕ್ಕಳೆ ಕಥೆ ಯಾರೂ ಮೊದ್ಲೇ ಹೇಳಲ್ಲ. ಇಕ್ಕಳ ಹಾಕಿ ಎಳೆದ್ರೆ ಕಿರುಬೆರಳುದ್ದ ಕರೀ ರಕ್ತದ ಗಡ್ಡೆ ಬರೋದು, ಕಣ್ಣಲ್ಲಿ ಧಾರೆ. ಇನ್ಶೂರೆನ್ಸ್‌ನೋರು ಸೈನಸ್‌ಗಾದ್ರೆ ಪಾಲಿಸಿ ತಗೊಂಡು 2 ವರ್ಷ ಕಾಯ್ಬೇಕು ಅಂತ ಬಿಡಿಗಾಸೂ ಕೊಡ್ಲಿಲ್ಲ.

ಅರಸೀಕೆರೆ ಮೇಷ್ಟ್ರಮ್ಮ: ನಾನು 2012ರಲ್ಲಿ ಮಾಡಿಸ್ಕೊಂಡೆ, ಇವತ್ತಿಗೂ ಆರಾಮ. ಆಪರೇಷನ್ ಅಂದ್ರೆ ದಾರಿ ಅಗಲ ಮಾಡೋದು. ಒಳಪೊರೆ ಊದೋ ಕಾಯಿಲೆ ಎಲ್ಲೂ ಹೋಗಲ್ಲ. ದಿನಾ ಉಪ್ಪುನೀರಲ್ಲಿ ತೊಳೀಬೇಕು, ಸ್ಟೀರಾಯ್ಡ್ ಸ್ಪ್ರೇ ಹೊಡೀಬೇಕು. ಮೂಗು ಬಿಡ್ತು ಅಂತ ಸ್ಪ್ರೇ ಬಿಸಾಕಿದೋರಿಗೆ ಮತ್ತೆ ಬಂದ್ರೆ ಡಾಕ್ಟ್ರು ಏನ್ ಮಾಡ್ತಾರೆ?

ಮೂಡಿಗೆರೆ ತೋಟ: ನಾನು ಸ್ಪ್ರೇ ಬಿಸಾಕಿದ್ದು ನೀವು ನೋಡಿದ್ರಾ ಮೇಡಂ? ನಿಮಗೆ ಪಾಲಿಪ್ ಇತ್ತಾ, ಅದು ಹೇಳಿ ಮೊದ್ಲು.

ಅರಸೀಕೆರೆ ಮೇಷ್ಟ್ರಮ್ಮ: ಇರ್ಲಿಲ್ಲ. ಕೆನ್ನೆ ಸೈನಸ್‌ನಲ್ಲಿ ಕೀವು. ಅದೇನು ಸಣ್ಣ ನೋವಾ?

ಸಕಲೇಶಪುರ ಲೆಕ್ಕ: ಇಬ್ರೂ ಜಗಳ ಬಿಡಿ. ಇಂಗ್ಲೆಂಡ್‌ನಲ್ಲಿ 2000–01ರಲ್ಲಿ ಆಪರೇಷನ್ ಆದೋರ ಆಡಿಟ್ ಇದೆ. ಐದು ವರ್ಷದೊಳಗೆ ನೂರಕ್ಕೆ ಸುಮಾರು 19 ಜನ ಮತ್ತೆ ಟೇಬಲ್ ಹತ್ತಿದಾರೆ, ಪಾಲಿಪ್ ಇದ್ದೋರೇ ಜಾಸ್ತಿ. ಬೆಲ್ಜಿಯಂನಲ್ಲಿ ಪಾಲಿಪ್‌ನೋರನ್ನೇ 12 ವರ್ಷ ಹಿಂಬಾಲಿಸಿದ್ರು. ಸಣ್ಣ ಗುಂಪು, 38 ಜನ. 30 ಜನಕ್ಕೆ ಪಾಲಿಪ್ ಮತ್ತೆ ಕಂಡಿದೆ, ಎರಡನೇ ಆಪರೇಷನ್ ಬೇಕಾದದ್ದು 14 ಜನಕ್ಕೆ. ಆದ್ರೂ ಒಟ್ಟಾರೆ ತೊಂದರೆ ಮೊದಲಿಗಿಂತ ಕಮ್ಮಿನೇ ಇತ್ತು. ನನಗೆ ಅಸ್ತಮಾ, ಆಸ್ಪಿರಿನ್ ಆಗಲ್ಲ. ನಮ್ಮಂಥೋರಿಗೆ ಬೇಗ ಮರಳತ್ತೆ. ನನಗೂ ಎರಡು ಸಲ ಆಯ್ತು, ಎರಡನೇದು ಬೆಂಗಳೂರಲ್ಲಿ 1,40,000. ಮೂರನೇದಕ್ಕೂ ಹೋಗ್ತೀನಿ, ಯಾರಪ್ಪನ ಗಂಟು? ರಾತ್ರಿ ಬಾಯ್ ಮುಚ್ಚಿ ಮಲಗ್ತೀನಲ್ಲ, ಅಷ್ಟು ಸಾಕು.

ಚಿಕ್ಕಮಗಳೂರು ಅಣ್ಣ: ಲಕ್ಷಗಟ್ಲೆ ಸುರಿದು ಮತ್ತೆ ಅದೇ ಮೂಗು! ನಾನು ಮೆಣಸಿನ ಕಷಾಯ, ಮೂಗಿಗೆ ಬಿಡೋ ಅಣುತೈಲ, ನಲ್ಲಿ ನೀರಲ್ಲಿ ಮೂಗು ತೊಳೆಯೋ ನೇತಿ. ಅಷ್ಟೇ.

ಸಕಲೇಶಪುರ ಲೆಕ್ಕ: ನಿಮ್ದು ಬರೀ ನೆಗಡಿ ಇರಬೇಕು. ಪಾಲಿಪ್ ಕಷಾಯಕ್ಕೆ ಕರಗೋದಾದ್ರೆ ಮಲೆನಾಡಲ್ಲಿ ಒಬ್ಬರಿಗೂ ಇರ್ತಿರ್ಲಿಲ್ಲ.

ಅರಸೀಕೆರೆ ಮೇಷ್ಟ್ರಮ್ಮ: ನಲ್ಲಿ ನೀರಾ?! ಕುದಿಸಿ ಆರಿಸಿದ್ದು ಹಾಕಿ ಮಾರಾಯ್ರೇ. 2025ರಲ್ಲಿ ಕೇರಳದಲ್ಲಿ ಮೂಗಿಗೆ ಹೋದ ನೀರಿಂದ ಹತ್ತೋ ಅಮೀಬಾ ಮಿದುಳು ಜ್ವರ ಬಂದಿದ್ದು ಪೇಪರಲ್ಲಿ ಓದ್ಲಿಲ್ವಾ?

ಚಿಕ್ಕಮಗಳೂರು ಅಣ್ಣ: ಅದು ಕೇರಳ. ಇಲ್ಲಿ ನೀರು ಶುದ್ಧ. ನೀವು ಹಾಸನದೋರು ಕುಡಿಯೋ ಹೇಮಾವತಿ ಹುಟ್ಟೋದು ನಮ್ಮಲ್ಲೇ.

ಮೂಡಿಗೆರೆ ತೋಟ: ನಮ್ಮಲ್ಲೇ ಅಂದ್ರೆ ಮೂಡಿಗೆರೆ ತಾಲ್ಲೂಕಲ್ಲಿ, ನಿಮ್ಮ ಪೇಟೇಲಲ್ಲ. ಆ ನದೀಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪಿಂಗ್ ಟೈಮಲ್ಲಿ ಏನೇನು ಹರಿಯತ್ತೆ ಅಂತ ನನ್ನ ಕೇಳಿ.

ಚಿಕ್ಕಮಗಳೂರು ಅಣ್ಣ: ಬಿಡೋದು ಯಾರು? ನೀವು ತೋಟದೋರೇ ತಾನೇ.