ಬುಷ್‌ರೇಂಜರ್‌ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ, ನಮಸ್ಕಾರ.

ಆಸ್ಟ್ರೇಲಿಯಾದ ವಸಾಹತು ಕಾಲದ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಕೆಲವು ಬರಹಗಳನ್ನು ಸಿದ್ಧ ಮಾಡುತ್ತಿದ್ದೇನೆ. ಮಿಕ್ಕದ್ದೆಲ್ಲ ಹೇಗೋ ಸಾಗುತ್ತಿದೆ. ಒಂದು ಪದ ಮಾತ್ರ ಪುಟಪುಟಕ್ಕೂ ಅಡ್ಡ ನಿಲ್ಲುತ್ತಿದೆ: ಬುಷ್‌ರೇಂಜರ್. ಕಾಡಿನಲ್ಲಿ ತಲೆಮರೆಸಿಕೊಂಡು ದಾರಿಹೋಕರನ್ನು, ಟಪಾಲು ಗಾಡಿಗಳನ್ನು, ಬ್ಯಾಂಕುಗಳನ್ನು ದೋಚುತ್ತಿದ್ದವರಿಗೆ ಅಲ್ಲಿಯವರು ಇಟ್ಟ ಹೆಸರು ಅದು. ಕನ್ನಡದಲ್ಲಿ ಏನು ಬಳಸೋಣ ಅಂತ ಕೇಳಲು ಈ ಪತ್ರ.

ಹಾಗೇ ಉಳಿಸಿಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ತೊಡಕಿರುವುದು ರೇಂಜರ್ ಅನ್ನುವಲ್ಲಿ. ನಮ್ಮಲ್ಲಿ ರೇಂಜರ್ ಅಂದರೆ ಅರಣ್ಯ ಇಲಾಖೆಯವರು. ಶಿರಸಿಯಲ್ಲೋ ತೀರ್ಥಹಳ್ಳಿಯಲ್ಲೋ ‘ರೇಂಜರ್ ಬಂದ್ರು’ ಅಂದರೆ ಮರ ಕಡಿಯುತ್ತಿದ್ದವನು ಓಡುತ್ತಾನೆ. ಅಲ್ಲಿ ಬುಷ್‌ರೇಂಜರ್ ಬಂದ ಅಂದರೆ ಓಡುತ್ತಿದ್ದವನು ದುಡ್ಡಿರುವ ಪ್ರಯಾಣಿಕ. ಬುಷ್ ಕೂಡ ಪೊದೆಯಲ್ಲ. ಊರು, ಹೊಲ, ಬೇಲಿ ಎಲ್ಲ ಮುಗಿದ ಮೇಲೆ ಶುರುವಾಗುವ ನೀಲಗಿರಿ ಮರಗಳ ಕಾಡು, ಕುರುಚಲು, ಗುಡ್ಡ, ಒಣಹಳ್ಳ ಎಲ್ಲ ಸೇರಿ ಬುಷ್. ನಮ್ಮ ‘ಕಾಡುಮೇಡು’ ಇದಕ್ಕೆ ಹತ್ತಿರ ಬರುತ್ತದೆ.

ಪದ ಹಳೆಯದು. 1805ರ ಫೆಬ್ರುವರಿಯಲ್ಲಿ ಸಿಡ್ನಿ ಗೆಜೆಟ್ ಪತ್ರಿಕೆ ಒಂದು ಸಣ್ಣ ಸುದ್ದಿ ಹಾಕಿತು. ಸಿಡ್ನಿಗೂ ಹಾಕ್ಸ್‌ಬರಿಗೂ ನಡುವೆ ಗಾಡಿಯೊಂದನ್ನು ಮೂವರು ತಡೆದರು, ನೋಡಿದರೆ ಬುಷ್‌ರೇಂಜರ್‌ಗಳೇ ಇರಬೇಕು ಅನ್ನಿಸುವಂತಿದ್ದರು ಎಂದು. ಹಾಗಂದರೆ ಯಾರು ಅಂತ ಪತ್ರಿಕೆ ವಿವರಿಸಲು ಹೋಗಲಿಲ್ಲ. ಓದುವವರಿಗೆ ಅಷ್ಟು ಹೊತ್ತಿಗಾಗಲೇ ಗೊತ್ತಿತ್ತು ಅಂತಾಯಿತು.

ಆಗ ಬುಷ್‌ರೇಂಜರ್ ಅಂದರೆ ಹೆಚ್ಚುಕಮ್ಮಿ ಓಡಿಹೋದ ಕೈದಿ. ಬ್ರಿಟನ್ನಿನಿಂದ ಹಡಗಿನಲ್ಲಿ ಸಾಗಿಸಿದ ಕೈದಿಗಳ ವಸಾಹತು ಅದು. ನಮ್ಮಲ್ಲಿ ಕರಿನೀರಿನ ಶಿಕ್ಷೆ ಅನ್ನುತ್ತಾರಲ್ಲ, ಆ ಜಾತಿಯದೇ ಶಿಕ್ಷೆ. 1788ರ ಮೊದಲ ಹಡಗುಗಳಲ್ಲಿ ಬಂದ ಜಾನ್ ಸೀಸರ್ ಎಂಬ ಆಫ್ರಿಕಾ ಮೂಲದವನನ್ನು ಮೊದಲ ಬುಷ್‌ರೇಂಜರ್ ಅನ್ನುತ್ತಾರೆ. ಆಜಾನುಬಾಹು. ಕೊಡುತ್ತಿದ್ದ ಪಡಿ ಅವನ ಹೊಟ್ಟೆಗೆ ಸಾಲುತ್ತಿರಲಿಲ್ಲ. 1789ರಲ್ಲಿ ಓಡಿಹೋದಾಗ ಅವನು ಹೊತ್ತೊಯ್ದದ್ದು ಒಂದಿಷ್ಟು ದಿನಸಿ, ಒಂದು ಕಬ್ಬಿಣದ ಪಾತ್ರೆ, ಒಬ್ಬ ಸಿಪಾಯಿಯ ಬಂದೂಕು. ಪಾತ್ರೆ ಒಯ್ದ ಅನ್ನುವುದೇ ಸಾಕು, ಅವನ ಚಿಂತೆ ಏನಿತ್ತು ಅಂತ ತಿಳಿಯಲು. ಮತ್ತೆ ಮತ್ತೆ ಸಿಕ್ಕಿಬಿದ್ದ, ಮತ್ತೆ ಮತ್ತೆ ಓಡಿದ. 1796ರಲ್ಲಿ ಗುಂಡೇಟಿಗೆ ಸತ್ತ. ಹೊಡೆದವನಿಗೆ ಸಿಕ್ಕ ಬಹುಮಾನ ಐದು ಗ್ಯಾಲನ್ ರಮ್.

ಈಗ ಟಾಸ್ಮೇನಿಯಾ ಅನ್ನುವ ದ್ವೀಪದಲ್ಲಿ ಸರ್ಕಾರವೇ ಬುಷ್‌ರೇಂಜರ್‌ಗಳನ್ನು ತಯಾರು ಮಾಡಿತು ಅಂದರೂ ತಪ್ಪಿಲ್ಲ. ಶುರುವಿನ ವರ್ಷಗಳಲ್ಲಿ ಊಟಕ್ಕೆ ತತ್ವಾರ. ಕಾಂಗರೂ ಬೇಟೆಯಾಡಿ ತನ್ನಿ ಅಂತ ಕೈದಿಗಳ ಕೈಗೇ ಬಂದೂಕು, ನಾಯಿ ಕೊಟ್ಟು ಕಾಡಿಗೆ ಕಳಿಸಿದರು. ಕೆಲವರು ವಾಪಸ್ ಬರಲೇ ಇಲ್ಲ! ಮುಂದೆ ಅದೇ ದ್ವೀಪದ ಮ್ಯಾಥ್ಯೂ ಬ್ರೇಡಿಯ ತಲೆಗೆ ಗವರ್ನರ್ ಆರ್ಥರ್ ಬಹುಮಾನ ಸಾರಿದಾಗ, ಬ್ರೇಡಿ ತನ್ನದೂ ಒಂದು ನೋಟೀಸು ಹೊರಡಿಸಿದ: ಆ ಆರ್ಥರ್‌ನನ್ನು ನನಗೆ ಹಿಡಿದುಕೊಟ್ಟವರಿಗೆ 20 ಗ್ಯಾಲನ್ ರಮ್. ಬ್ರೇಡಿಯನ್ನು 1826ರಲ್ಲಿ ಹೋಬಾರ್ಟ್‌ನಲ್ಲಿ ಗಲ್ಲಿಗೇರಿಸಿದರು.

ಈ ಕಾಲದವರನ್ನು ‘ದರೋಡೆಕೋರ’ ಅಂದರೆ ಅರ್ಧ ಕಥೆ ಬಿಟ್ಟಂತೆ. ‘ಕಾಡು ಸೇರಿದ ಕೈದಿ’ ಅನ್ನುವುದು ನನಗೆ ಒಪ್ಪುತ್ತದೆ. 1830ರಲ್ಲಿ ನ್ಯೂ ಸೌತ್ ವೇಲ್ಸ್, ಅಂದರೆ ಸಿಡ್ನಿ ಇರುವ ವಸಾಹತು, ತಂದ ಕಾಯಿದೆಯೂ ಇದನ್ನೇ ಹೇಳುತ್ತದೆ. ಅನುಮಾನ ಬಂದರೆ ಸಾಕು, ವಾರಂಟ್ ಇಲ್ಲದೆ ಯಾರನ್ನೂ ಹಿಡಿಯಬಹುದಿತ್ತು. ನಾನು ಓಡಿಬಂದ ಕೈದಿ ಅಲ್ಲ ಅಂತ ತೋರಿಸುವುದು ಸಿಕ್ಕಿಬಿದ್ದವನ ಪಾಡು.

1851ರಲ್ಲಿ ಚಿನ್ನ ಸಿಕ್ಕಿತು ನೋಡಿ, ಪದದ ಒಳಗಿನ ಮನುಷ್ಯನೇ ಬದಲಾದ. ಈಗಿನವರು ಅಲ್ಲೇ ಹುಟ್ಟಿದ ಹುಡುಗರು. ಕುದುರೆ ಸವಾರಿಯಲ್ಲಿ ಪಳಗಿದವರು, ಎಷ್ಟೋ ಮಂದಿ ಸಣ್ಣ ರೈತರ ಮಕ್ಕಳು. 1862ರ ಜೂನ್ 15ರಂದು ಯೂಗೌರಾ ಹತ್ತಿರ ಫ್ರಾಂಕ್ ಗಾರ್ಡಿನರ್‌ನ ಗುಂಪು ಪೊಲೀಸ್ ಕಾವಲಿನ ಚಿನ್ನದ ಗಾಡಿಯನ್ನೇ ಅಡ್ಡಗಟ್ಟಿತು. ಸಿಕ್ಕಿದ್ದು ಸುಮಾರು 2,700 ಔನ್ಸ್ ಚಿನ್ನ, ಜೊತೆಗೆ ಸುಮಾರು 3,700 ಪೌಂಡ್ ನಗದು. ಮರುವರ್ಷ ಬೆನ್ ಹಾಲ್‌ನ ಗುಂಪು ಕನೌಂಡ್ರಾ ಎಂಬ ಊರಿಗೆ ನುಗ್ಗಿ, ಸಿಕ್ಕವರನ್ನೆಲ್ಲ ಹೋಟೆಲಿನಲ್ಲಿ ಕೂಡಿಹಾಕಿ, ಮೂರು ದಿನ ಊಟ, ಕುಡಿತ, ಕುಣಿತ ನಡೆಸಿತು. ಹೋಟೆಲ್ ಬಿಲ್ಲನ್ನೂ ಕಟ್ಟಿ ಹೋದರು. ಪೊಲೀಸರ ಮಾನ ಮೂರು ಕಾಸಿಗೆ ಹೋಯಿತು, ಅವರಿಗೆ ಬೇಕಿದ್ದದ್ದೂ ಅದೇ ಅಲ್ವಾ.

ಇವರಿಗೆ ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ಯಾವುದು ಕೂರುತ್ತದೆ ಅನ್ನುವುದೇ ಪ್ರಶ್ನೆ. ಥಗ್ಗರು, ಪಿಂಡಾರಿಗಳು ಅಂತ ಯಾರಾದರೂ ಹೇಳುವ ಮೊದಲೇ ಬೇಡ ಅಂದುಬಿಡುತ್ತೇನೆ, ಅವರ ಕಥೆಯೇ ಬೇರೆ. ‘ಡಕಾಯಿತ’ ಪತ್ರಿಕೆಗಳಲ್ಲಿ ಸಲೀಸಾಗಿ ಓಡುತ್ತದೆ. ಆದರೆ ನಮ್ಮ ಕಾನೂನಿನಲ್ಲಿ ಡಕಾಯಿತಿ ಆಗಬೇಕಾದರೆ ಕನಿಷ್ಠ ಐದು ಜನ ಸೇರಿ ಮಾಡಿರಬೇಕು. 1860ರ ದಂಡ ಸಂಹಿತೆಯಲ್ಲೂ ಹಾಗೇ ಇತ್ತು, ಈಗಿನ ಹೊಸ ಸಂಹಿತೆಯಲ್ಲೂ ಹಾಗೇ ಇದೆ. ಬಹುಪಾಲು ಒಬ್ಬನೇ ತಿರುಗುತ್ತಿದ್ದ ಡ್ಯಾನ್ ಮೋರ್ಗನ್‌ನನ್ನು ಡಕಾಯಿತ ಅಂದರೆ ಸಾಮಾನ್ಯ ಓದುಗರಿಗೆ ಏನೂ ಅನ್ನಿಸದು, ಕೋರ್ಟು ಕಚೇರಿ ಬಲ್ಲವರು ಮಾತ್ರ ಹುಬ್ಬೇರಿಸುತ್ತಾರೆ.

‘ಕಾಡುಗಳ್ಳ’ ಮೊದಲು ನನಗೆ ತುಂಬ ಹಿಡಿಸಿತ್ತು. ಎರಡು ಕಾರಣಕ್ಕೆ ಕೈಬಿಟ್ಟೆ. ಒಂದು, ಆ ಪದವನ್ನು ಪತ್ರಿಕೆಗಳು ವೀರಪ್ಪನ್‌ಗೆ ಬರೆದುಕೊಟ್ಟು ಆಗಿದೆ. ಅವನು ಸತ್ತದ್ದು 2004ರಲ್ಲಿ. ಇವತ್ತಿಗೂ ಕಾಡುಗಳ್ಳ ಅಂದರೆ ಕಣ್ಣ ಮುಂದೆ ಬರುವುದು ಆ ಮೀಸೆಯೇ. ಇನ್ನೊಂದು ಕಾರಣ ಸಮಾಸದ್ದು. ಸರಗಳ್ಳ ಸರ ಕದಿಯುತ್ತಾನೆ, ದನಗಳ್ಳ ದನ ಕದಿಯುತ್ತಾನೆ. ಆ ಲೆಕ್ಕದಲ್ಲಿ ಕಾಡುಗಳ್ಳ ಅಂದರೆ ಕಾಡನ್ನು ಕದಿಯುವವನು. ಮರಗಳ್ಳರಿಗೂ ದಂತ ಕದಿಯುವವರಿಗೂ ಅದು ಸರಿಯಾಗಿ ಹೊಂದುತ್ತದೆ. ಬೆನ್ ಹಾಲ್ ಒಂದು ಮರವನ್ನೂ ಕದ್ದವನಲ್ಲ.

‘ದಾರಿಗಳ್ಳ’ ದಾರಿಯನ್ನು ಕದಿಯುತ್ತಾನಾ ಅಂತ ತಕ್ಷಣ ಕೇಳುತ್ತೀರಿ, ಗೊತ್ತು. ಇಲ್ಲ. ಆದರೆ ಆ ಪದ ಬಳಕೆಯಲ್ಲಿ ಎಷ್ಟು ಸವೆದಿದೆ ಅಂದರೆ ದಾರಿಯಲ್ಲಿ ಕಾದು ನಿಂತು ದೋಚುವವನು ಅಂತಲೇ ಎಲ್ಲರಿಗೂ ಅರ್ಥವಾಗುತ್ತದೆ. ‘ಹೆದ್ದಾರಿ ದರೋಡೆಕೋರ’ ಅಂತ ಬರೆದರೆ ಟೋಲ್ ಗೇಟು, ಲಾರಿ, ಡಾಬಾ ಕಣ್ಣಿಗೆ ಕಟ್ಟುತ್ತದೆ. ಹಾಗಾಗಿ ಚಿನ್ನದ ಕಾಲದವರಿಗೆ ನನ್ನ ಓಟು ದಾರಿಗಳ್ಳನಿಗೇ.

ಮೂರನೆಯದೇ ನಿಜವಾದ ತಲೆನೋವು. ಇಂಗ್ಲಿಷಿನಲ್ಲಿ ಔಟ್‌ಲಾ ಅನ್ನುವ ಪದ ಇದೆಯಲ್ಲ, ಅದನ್ನು ಸುಮ್ನೆ ಬೈಗುಳವಾಗಿ ಬಳಸಿದ್ದಲ್ಲ. ಅಲ್ಲಿ ಅದು ಕಾನೂನಿನ ಮಾತು. ನ್ಯೂ ಸೌತ್ ವೇಲ್ಸ್ 1865ರಲ್ಲಿ, ವಿಕ್ಟೋರಿಯಾ 1878ರಲ್ಲಿ ಇದಕ್ಕೆಂದೇ ಕಾಯಿದೆ ತಂದವು. ಇಂಥ ದಿನದೊಳಗೆ ಬಂದು ಶರಣಾಗು ಅಂತ ಹೆಸರು ಹಿಡಿದು ಕರೆ ಕೊಡುವುದು. ಬರಲಿಲ್ಲವೋ, ಆಮೇಲೆ ಯಾವನೇ ನಾಗರಿಕ ಅವನನ್ನು ಕಂಡಲ್ಲಿ ಹೊಡೆದು ಹಾಕಿದರೂ ಕೊಲೆ ಅಲ್ಲ. ಮನೆಯಲ್ಲಿ ಜಾಗ ಕೊಟ್ಟವರಿಗೂ ಜೈಲು. ಅದೇ 1865ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮೋರ್ಗನ್, ಹಾಲ್, ಹಾಲ್‌ನ ಗುಂಪಿನ ಗಿಲ್ಬರ್ಟ್ ಮೂವರೂ ಒಬ್ಬರ ಹಿಂದೊಬ್ಬರು ಗುಂಡೇಟಿಗೆ ಸತ್ತರು. ವಿಕ್ಟೋರಿಯಾದ ಕಾಯಿದೆ ಬಂದದ್ದು ನೆಡ್ ಕೆಲ್ಲಿಯ ಗುಂಪು ಸ್ಟ್ರಿಂಗಿಬಾರ್ಕ್ ಕ್ರೀಕ್‌ನಲ್ಲಿ ಮೂವರು ಪೊಲೀಸರನ್ನು ಕೊಂದ ಮೇಲೆ.

ಇದಕ್ಕೆ ‘ಕಾನೂನುಬಾಹಿರ’ ಅಂದರೆ ಆಗುವುದಿಲ್ಲ. ಕಾನೂನುಬಾಹಿರ ಗಣಿಗಾರಿಕೆ, ಕಾನೂನುಬಾಹಿರ ಕಟ್ಟಡ ಅನ್ನುತ್ತೇವೆ. ಮನುಷ್ಯನಿಗೆ ಹಚ್ಚಿದರೆ ಅವನೇ ಒಂದು ಅಕ್ರಮ ಶೆಡ್ ಇದ್ದ ಹಾಗೆ ಕೇಳುತ್ತದೆ. ‘ಗಡೀಪಾರು’ ಅಂದರೆ ಜಿಲ್ಲೆ ಬಿಟ್ಟು ಹೊರಗೆ ಹಾಕುವುದು, ಅವನಿಗೆ ಕಾನೂನಿನ ರಕ್ಷಣೆ ಇದ್ದೇ ಇರುತ್ತದೆ. ಸದ್ಯಕ್ಕೆ ‘ಕಾನೂನಿನ ಕಾವಲು ತಪ್ಪಿಸಿಕೊಂಡವ’ ಅಂತ ಬರೆದು ನೋಡಿದೆ. ಅದು ಜೈಲಿನಿಂದ ತಪ್ಪಿಸಿಕೊಂಡವನ ಹಾಗೆ ಕಾಣುತ್ತದೆ, ಅಳಿಸಿದೆ. ಹಳೆಯ ಶಾಸನಗಳನ್ನು ಓದುವವರು ಯಾರಾದರೂ ಇದ್ದರೆ, ‘ಇವನನ್ನು ಕೊಂದರೆ ದೋಷವಿಲ್ಲ’ ಅನ್ನುವ ಅರ್ಥದ ಒಂದೇ ಪದ ಎಲ್ಲಾದರೂ ಸಿಗುತ್ತದಾ ಹೇಳಿ.

ಕೆಲ್ಲಿಯ ಹೆಸರು ಬಂದ ಮೇಲೆ ಅವನ ಪತ್ರದ ಬಗ್ಗೆ ಒಂದು ಮಾತು. 1879ರ ಫೆಬ್ರುವರಿಯಲ್ಲಿ ಜೆರಿಲ್‌ಡೆರಿ ಊರಿನ ಪೊಲೀಸರನ್ನು ಅವರದೇ ಲಾಕಪ್ಪಿಗೆ ಹಾಕಿ, ಅವರದೇ ಯೂನಿಫಾರಂ ತೊಟ್ಟು, ಗುಂಪು ಬ್ಯಾಂಕ್ ದೋಚಿತು. ಅಲ್ಲಿ ಅಚ್ಚು ಹಾಕಿಸಲು ಅಂತ ಕೆಲ್ಲಿ ತಂದದ್ದು, ಗೆಳೆಯ ಜೋ ಬರ್ನ್ ಕೈಯಲ್ಲಿ ಬರೆಸಿದ ಸುಮಾರು 8,000 ಪದಗಳ ಪತ್ರ. ಪೊಲೀಸರನ್ನು ಬೈದಿರುವ ಭಾಗವಂತೂ ಅನುವಾದ ಮಾಡುವವರಿಗೆ ಹಬ್ಬ: ದಪ್ಪ ಕತ್ತು, ವೊಂಬ್ಯಾಟ್ ತಲೆ, ಡೊಳ್ಳು ಹೊಟ್ಟೆ, ಮ್ಯಾಗ್‌ಪೈ ಹಕ್ಕಿಯ ಕಾಲು. ವೊಂಬ್ಯಾಟ್ ತೆಗೆದು ಹೆಗ್ಗಣ ಹಾಕೋಣ ಅಂತ ಆಸೆಯಾಯಿತು. ಪ್ರಾಣಿ ಅಲ್ಲಿಯದೇ ಇರಲಿ ಅಂತ ಸುಮ್ಮನಾದೆ. ಮುಂದಿನ ವರ್ಷ ಗ್ಲೆನ್‌ರೋವನ್‌ನಲ್ಲಿ ನೇಗಿಲಿನ ಮಣ್ಣು ಮಗುಚುವ ಕಬ್ಬಿಣದ ಹಲಗೆಗಳನ್ನು ಬಡಿದು ಮಾಡಿದ, ಸುಮಾರು 44 ಕಿಲೋ ತೂಕದ ಕವಚ ತೊಟ್ಟು ಪೊಲೀಸರೆದುರು ನಿಂತವನೂ ಇವನೇ. ಕಾಲಿಗೆ ಕವಚ ಇರಲಿಲ್ಲ, ಪೊಲೀಸರು ಅಲ್ಲಿಗೇ ಹೊಡೆದರು. 1880ರ ನವೆಂಬರ್ 11ರಂದು ಮೆಲ್ಬರ್ನ್‌ನಲ್ಲಿ ಗಲ್ಲು.

ಇನ್ನೊಂದು ಎಚ್ಚರಿಕೆ, ಇದೇ ಕಥೆಗಳಲ್ಲಿ ಬರುವ ಸ್ಕ್ವಾಟರ್ ಬಗ್ಗೆ. ನಿಘಂಟು ನೋಡಿ ‘ಒತ್ತುವರಿದಾರ’ ಅಂತ ಹಾಕಿದರೆ ನಮ್ಮ ಓದುಗರು ಬಗರ್‌ಹುಕುಂ ಸಾಗುವಳಿಯ ಬಡ ರೈತ ಅಂದುಕೊಳ್ಳುತ್ತಾರೆ. ಅಲ್ಲಿ ಸ್ಕ್ವಾಟರ್ ಅಂದರೆ ಸರ್ಕಾರಿ ನೆಲವನ್ನು ಸಾವಿರಾರು ಎಕರೆ ಲೆಕ್ಕದಲ್ಲಿ ಹಿಡಿದು ಕುರಿ ಮೇಯಿಸಿ ದೊಡ್ಡ ಸಾಹುಕಾರನಾದವನು. ಮೂಲನಿವಾಸಿಗಳ ನೆಲ ಹೋದದ್ದು ಇವರ ಕೈಗೇ ಜಾಸ್ತಿ. ಕೆಲ್ಲಿಯ ಮನೆಯವರಂಥ ಸಣ್ಣ ಹಿಡುವಳಿದಾರರು ಸೆಲೆಕ್ಟರ್‌ಗಳು. ಇವರಿಬ್ಬರ ಜಗಳ ತಿಳಿಯದೆ ಕೆಲ್ಲಿಗೆ ಊರಿನವರು ಯಾಕೆ ಅನ್ನ ಹಾಕಿದರು ಅಂತ ತಿಳಿಯುವುದಿಲ್ಲ. ಸ್ಕ್ವಾಟರ್‌ನನ್ನು ‘ಕುರಿ ಸಾಹುಕಾರ’ ಅನ್ನೋಣ ಅಂತಿದ್ದೇನೆ.

ಒಟ್ಟಿನಲ್ಲಿ ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಮೊದಲ ಸಲ ಬಂದಾಗ ಬುಷ್‌ರೇಂಜರ್ ಅಂತಲೇ ಬರೆದು, ಕಾಡು ಸೇರಿದ ದಾರಿಗಳ್ಳ ಅಂತ ಪಕ್ಕದಲ್ಲೇ ಹೇಳುವುದು. ಆಮೇಲೆ ಕಾಲ ನೋಡಿಕೊಂಡು ಕಾಡು ಸೇರಿದ ಕೈದಿ ಅಥವಾ ದಾರಿಗಳ್ಳ. ಕಾಯಿದೆಯ ಕಾಲದವನಿಗೆ ಇನ್ನೂ ಹೆಸರಿಲ್ಲ.

ಅದರ ಜೊತೆ ಇನ್ನೆರಡು ಕೇಳಬೇಕು. ಇವರು ಗಾಡಿ ತಡೆದಾಗ ಕೂಗುತ್ತಿದ್ದದ್ದು ‘ಬೇಲ್ ಅಪ್’ ಅಂತ. ಬೇಲ್ ಅಂದರೆ ಹಾಲು ಕರೆಯುವಾಗ ಹಸುವಿನ ಕತ್ತು ಅಲ್ಲಾಡದಂತೆ ಸಿಕ್ಕಿಸುವ ಮರದ ಚೌಕಟ್ಟು. ಪಶು ಆಸ್ಪತ್ರೆ ಅಂಗಳದಲ್ಲಿ ದನ ನಿಲ್ಲಿಸಲು ಇರುತ್ತದಲ್ಲ, ಸುಮಾರು ಅದೇ ನಮೂನೆ. ಹಸುವಿಗೆ ಹೇಳುತ್ತಿದ್ದ ಮಾತನ್ನೇ ಸಾಹುಕಾರರಿಗೂ ಹೇಳಿದರು. ‘ಕೈ ಮೇಲೆತ್ತು’ ಅಂದರೆ ಅರ್ಥ ಬರುತ್ತದೆ, ಕೊಟ್ಟಿಗೆಯ ವಾಸನೆ ಹೋಗುತ್ತದೆ. ದನ ಕರೆಯುವಾಗ ನಿಮ್ಮ ಕಡೆ ಯಾವ ಮಾತು ಹೇಳಿ ನಿಲ್ಲಿಸುತ್ತಾರೆ? ಮೈಸೂರು ಕಡೆಯದು, ಧಾರವಾಡ ಕಡೆಯದು, ಕರಾವಳಿಯದು, ಯಾವುದಾದರೂ ಸರಿ. ಇನ್ನೊಂದು, ಪೊಲೀಸರು ಎಲ್ಲಿದ್ದಾರೆ ಅಂತ ಬುಷ್‌ರೇಂಜರ್‌ಗಳಿಗೆ ಸುದ್ದಿ ಮುಟ್ಟಿಸುತ್ತಿದ್ದ ಊರಿನವರಿಗೆ ‘ಬುಷ್ ಟೆಲಿಗ್ರಾಫ್’ ಅನ್ನುತ್ತಿದ್ದರು. ‘ಬಾತ್ಮೀದಾರ’ ಅಂದರೆ ನಮ್ಮಲ್ಲಿ ಪೊಲೀಸರ ಕಡೆಯವನಾಗಿಬಿಡುತ್ತಾನೆ. ಕಳ್ಳನ ಕಡೆಯ ಬಾತ್ಮೀದಾರನಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ?