ಸೇವಾ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದವರು ಕೆಲಸದ ಸಾರ್ಥಕತೆಯನ್ನು ಎಲ್ಲಿ ಕಾಣುತ್ತೀರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕಲಿಕೆಗೆ ಕರೆತರುವ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ನಾನು ಸುಮಾರು ಎರಡು ದಶಕಗಳಿಂದ ಕೆಲಸ ಮಾಡುತ್ತಿದ್ದೇನೆ. ಸೇರಿದಾಗ ಕ್ಷೇತ್ರ ಕಾರ್ಯಕರ್ತನಾಗಿದ್ದೆ. ಮನೆಮನೆಗೆ ಹೋಗಿ ಪೋಷಕರೊಂದಿಗೆ ಮಾತನಾಡುವುದು, ಮಗು ತರಗತಿಗೆ ಬರುವಂತಾದಾಗ ಅದನ್ನು ಕಣ್ಣಾರೆ ಕಾಣುವುದು ಆಗಿನ ದಿನಚರಿಯಾಗಿತ್ತು. ಈಗ ಕಾರ್ಯಕ್ರಮ ಸಂಯೋಜಕನಾಗಿದ್ದು, ಅನುದಾನದ ಪ್ರಸ್ತಾವನೆ, ತ್ರೈಮಾಸಿಕ ವರದಿ ಮತ್ತು ಲೆಕ್ಕಪರಿಶೋಧನೆಯ ಕಡತಗಳ ನಡುವೆಯೇ ದಿನ ಮುಗಿಯುತ್ತದೆ.

ಯೋಜನೆಗಳು ಅನುದಾನದ ಅವಧಿಯೊಂದಿಗೆ ಮುಗಿದುಹೋಗುತ್ತವೆ, ಆದರೆ ಸಮಸ್ಯೆ ಮುಗಿಯುವುದಿಲ್ಲ. ಒಂದು ಗುಂಪಿನ ಮಕ್ಕಳು ಶಾಲೆ ಸೇರುವಷ್ಟರಲ್ಲಿ ಮತ್ತೊಂದು ಗುಂಪು ಶಾಲೆ ಬಿಟ್ಟಿರುತ್ತದೆ. ಇಷ್ಟು ವರ್ಷಗಳ ದುಡಿಮೆಯಿಂದ ಏನು ಬದಲಾಯಿತು ಎಂದು ಯಾರಾದರೂ ಕೇಳಿದರೆ ವರದಿಯಲ್ಲಿರುವ ಸಂಖ್ಯೆಗಳನ್ನು ಹೇಳುತ್ತೇನೆ, ಆದರೆ ಆ ಸಂಖ್ಯೆಗಳು ನನಗೇ ಸಮಾಧಾನ ಕೊಡುವುದಿಲ್ಲ. ಕೆಲಸ ಬಿಡುವ ಯೋಚನೆ ಇಲ್ಲ. ಇಂತಹ ಸಂಸ್ಥೆಗಳಲ್ಲಿ ಬಹುಕಾಲ ಉಳಿದವರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದ್ದೀರಿ ಎಂಬುದನ್ನು ತಿಳಿಯುವ ಆಸೆಯಷ್ಟೇ ಇದೆ.

ಮೊದಲ ಉತ್ತರ

ನೀವು ಬರೆದಿದ್ದರಲ್ಲೇ ಕಾರಣದ ಒಂದು ಭಾಗ ಇದೆ ಎಂದು ನನಗೆ ತೋರುತ್ತದೆ. ನಮ್ಮ ಕ್ಷೇತ್ರದಲ್ಲಿ ಬಡ್ತಿ ಎಂದರೆ ಯಾರಿಗಾಗಿ ಕೆಲಸಕ್ಕೆ ಸೇರಿದೆವೋ ಅವರಿಂದಲೇ ದೂರ ಸರಿಯುವುದು. ಕೆಲಸ ಮೊದಲಿನಷ್ಟೇ ಉಪಯುಕ್ತವಾಗಿರಬಹುದು, ಆದರೆ ಆ ಉಪಯೋಗವನ್ನು ನೋಡುವ ಅವಕಾಶ ಕೈತಪ್ಪುತ್ತದೆ.

ಈ ವಿಷಯದಲ್ಲಿ ಆಡಮ್ ಗ್ರಾಂಟ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗಮನಾರ್ಹ. ವಿಶ್ವವಿದ್ಯಾಲಯವೊಂದಕ್ಕೆ ದೂರವಾಣಿಯ ಮೂಲಕ ದೇಣಿಗೆ ಸಂಗ್ರಹಿಸುತ್ತಿದ್ದ ಸಿಬ್ಬಂದಿಯಲ್ಲಿ ಕೆಲವರಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ವಿದ್ಯಾರ್ಥಿಯೊಬ್ಬರನ್ನು ಕೆಲವೇ ನಿಮಿಷ ಭೇಟಿ ಮಾಡಿಸಲಾಯಿತು. ಒಂದು ತಿಂಗಳ ನಂತರ ನೋಡಿದಾಗ ಅವರು ಕರೆಗಳಿಗೆ ವಿನಿಯೋಗಿಸುತ್ತಿದ್ದ ಸಮಯ ಮತ್ತು ಸಂಗ್ರಹಿಸುತ್ತಿದ್ದ ಮೊತ್ತ ಎರಡೂ ದ್ವಿಗುಣವನ್ನು ಮೀರಿದ್ದವು. ವಿದ್ಯಾರ್ಥಿಯ ಪತ್ರವನ್ನು ಮಾತ್ರ ಓದಿದವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ವಾರ್ಷಿಕ ವರದಿಯ ಯಶೋಗಾಥೆಗಳು ಅವುಗಳನ್ನು ಬರೆದವರಿಗೇ ಏಕೆ ನಿಸ್ಸಾರವಾಗಿ ಕಾಣುತ್ತವೆ ಎಂಬುದಕ್ಕೂ ಇದರಲ್ಲಿ ಸುಳಿವಿದೆ ಎಂದು ನಾನು ಭಾವಿಸುತ್ತೇನೆ.

ಆದ್ದರಿಂದ ಕ್ಷೇತ್ರಕ್ಕೆ ಹೋಗಲು ನಿಯಮಿತವಾಗಿ ಸಮಯ ಮಾಡಿಕೊಳ್ಳಿ, ಆದರೆ ತಪಾಸಣೆಗೆಂದು ಹೋಗಬೇಡಿ. ಸಂಯೋಜಕರು ಪರಿಶೀಲನೆಗೆ ಬರುತ್ತಾರೆಂದರೆ ಎಲ್ಲರೂ ಸಜ್ಜಾಗಿ ನಿಲ್ಲುತ್ತಾರೆ, ಯಾರೂ ಮನಬಿಚ್ಚಿ ಮಾತನಾಡುವುದಿಲ್ಲ. ಯಾವುದಾದರೂ ಸಣ್ಣ ಕೆಲಸದ ಹೊಣೆ ಹೊತ್ತು ಹೋಗುವುದು ಮೇಲು. ಹಾಜರಾತಿ ಕಡಿಮೆಯಾದ ಒಂದು ಮನೆಗೆ ನೀವೇ ಭೇಟಿ ಕೊಡಬಹುದು.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ಎಚ್ಚರಿಕೆ ಅಗತ್ಯವೆನಿಸುತ್ತದೆ. ಸಾರ್ಥಕತೆಯ ಮಾತು ನಮ್ಮ ಕ್ಷೇತ್ರದಲ್ಲಿ ಬಹಳ ಬಾರಿ ವೇತನದ ಮಾತನ್ನು ಮುಚ್ಚಿಹಾಕಲು ಬಳಕೆಯಾಗುತ್ತದೆ. ಬಂಡರ್ಸನ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು 2009ರಲ್ಲಿ ಮೃಗಾಲಯದ ಪಾಲಕರ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಕೆಲಸವನ್ನು ಜೀವನದ ಕರೆಯೆಂದು ಭಾವಿಸಿದವರಿಗೆ ಅದು ಹೆಚ್ಚು ಅರ್ಥಪೂರ್ಣವಾಗಿ ಕಂಡಿತ್ತು. ಅದೇ ಭಾವನೆಯಿಂದಾಗಿ ಅವರು ಸಂಬಳ, ವೈಯಕ್ತಿಕ ಸಮಯ ಮತ್ತು ಅನುಕೂಲಗಳನ್ನು ಬಿಟ್ಟುಕೊಡಲೂ ಸಿದ್ಧರಿದ್ದರು. ಆಡಳಿತದವರು ಈ ನಿಷ್ಠೆಯನ್ನು ದುರುಪಯೋಗ ಮಾಡಿಕೊಳ್ಳಬಹುದೆಂಬ ಆತಂಕವೂ ಅವರಲ್ಲಿತ್ತು. ಸೇವಾ ಸಂಸ್ಥೆಗಳಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯು ಉದ್ಯೋಗದ ಬಳಲಿಕೆಯನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸುತ್ತದೆ. ಶಕ್ತಿ ಬತ್ತಿದ ಅನುಭವ, ಕೆಲಸದ ಬಗ್ಗೆ ಮಾನಸಿಕ ದೂರ ಅಥವಾ ಸಿನಿಕತನ, ತನ್ನಿಂದ ಏನೂ ಸಾಧ್ಯವಾಗುತ್ತಿಲ್ಲವೆಂಬ ಭಾವನೆ, ಈ ಮೂರು ಅದರ ಲಕ್ಷಣಗಳು. ಮೂರನೆಯದು ನಿಮ್ಮ ಪ್ರಶ್ನೆಗೆ ತೀರ ಸಮೀಪದಲ್ಲಿದೆ. ನಿಮ್ಮದು ನಿಜವಾಗಿಯೂ ಅರ್ಥದ ಹುಡುಕಾಟವೇ, ಅಥವಾ ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡುತ್ತಿರುವುದರ ಫಲವೇ ಎಂಬುದನ್ನು ಮೊದಲು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. ಆಯಾಸ ಇಲ್ಲವೆಂದು ಹೇಳಲಾರೆ, ಆದರೆ ದೀರ್ಘ ರಜೆಯ ನಂತರವೂ ಈ ಪ್ರಶ್ನೆ ಹಾಗೆಯೇ ಉಳಿದಿತ್ತು. ನನ್ನನ್ನು ಹೆಚ್ಚು ಕಾಡುವುದು ಬೇರೆ: ಒಂದು ಮಗು ಓದು ಮುಂದುವರಿಸಿದರೆ ಅದರಲ್ಲಿ ತಾಯಿಯ ಹಟ, ಶಿಕ್ಷಕರ ಶ್ರಮ, ಸರ್ಕಾರದ ನೆರವು ಎಲ್ಲವೂ ಇರುತ್ತವೆ. ಅದರಲ್ಲಿ ನಮ್ಮ ಪಾಲು ಎಷ್ಟೆಂದು ಪ್ರಾಮಾಣಿಕವಾಗಿ ಹೇಳುವುದಾದರೂ ಹೇಗೆ?

ಮೂರನೆಯ ಉತ್ತರ

ನಾನು ಇಂತಹದೇ ಸಂಸ್ಥೆಯೊಂದರಿಂದ ನಿವೃತ್ತಳಾದವಳು. ನಿಮ್ಮ ಕೊನೆಯ ಪ್ರಶ್ನೆ ಮೌಲ್ಯಮಾಪನದ ತಜ್ಞರನ್ನೂ ಕಾಡಿದೆ. ಜಾನ್ ಮೇಯ್ನ್ ಎಂಬ ಮೌಲ್ಯಮಾಪನ ತಜ್ಞರು 2001ರಲ್ಲಿ ಮಂಡಿಸಿದ ವಿಧಾನವೊಂದಿದೆ. ಈ ಫಲಿತಾಂಶಕ್ಕೆ ನಾವೇ ಕಾರಣವೆಂದು ಸಾಧಿಸುವ ಬದಲು, ಇತರ ಕಾರಣಗಳನ್ನೂ ಒಪ್ಪಿಕೊಂಡು, ನಮ್ಮ ಕೊಡುಗೆ ಇದರಲ್ಲಿ ಇತ್ತೆಂದು ನಂಬಲು ಸಾಕಷ್ಟು ಆಧಾರವಿದೆಯೇ ಎಂದು ಆ ವಿಧಾನ ಕೇಳುತ್ತದೆ. ವರದಿ ಬರೆಯುವುದಕ್ಕೆಂದು ಇದನ್ನು ಕಲಿತ ನನಗೆ ಮನಸ್ಸಿನ ಗೊಂದಲಕ್ಕೂ ಇದು ನೆರವಾಯಿತು. ತಾಯಿಯ ಹಟವನ್ನು ನಮ್ಮ ಸಾಧನೆಯ ಪಟ್ಟಿಗೆ ಸೇರಿಸಿಕೊಳ್ಳಬೇಕಾದ ಒತ್ತಾಯ ತಪ್ಪಿದ ಮೇಲೆ, ಆಕೆಯ ಜೊತೆಗೆ ನಾವೂ ಇದ್ದೆವು ಎಂಬುದೇ ಸಾಕೆನಿಸಿತು.

ಬಹುಕಾಲ ಉಳಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸವೊಂದಿದೆ, ಅದನ್ನು ಯಾವ ದಾನಿ ಸಂಸ್ಥೆಯ ನಮೂನೆಯೂ ಕೇಳುವುದಿಲ್ಲ. ಹಿಂದಿನ ಯೋಜನೆ ಏಕೆ ಕುಸಿಯಿತು, ಯಾವ ಬಡಾವಣೆಯ ಜನರಿಗೆ ಯಾರು ಕೊಟ್ಟ ಮಾತು ಮುರಿದುಹೋಗಿದೆ, ಯಾವ ಅಧಿಕಾರಿಯ ಬಳಿ ಹೇಗೆ ಮಾತನಾಡಿದರೆ ಕಡತ ಮುಂದೆ ಹೋಗುತ್ತದೆ ಎಂಬುದೆಲ್ಲ ನಿಮ್ಮ ನೆನಪಿನಲ್ಲಿದೆ. ಮೂರು ವರ್ಷಕ್ಕೊಮ್ಮೆ ಕಾರ್ಯಕರ್ತರು ಬದಲಾಗುವ ಸಂಸ್ಥೆಯಲ್ಲಿ ಜನರು ಬಾಗಿಲು ತೆರೆಯುವುದು ಸಂಸ್ಥೆಯ ಹೆಸರು ನೋಡಿ ಅಲ್ಲ, ಪರಿಚಿತ ಮುಖ ನೋಡಿ. ನಿಮ್ಮ ಕಿರಿಯ ಸಹೋದ್ಯೋಗಿಗಳು ಆ ಬಾಗಿಲಲ್ಲಿ ಸುಲಭವಾಗಿ ಒಳಗೆ ಹೋಗುತ್ತಿದ್ದರೆ ಅದರ ಹಿಂದೆ ನಿಮ್ಮ ಹಳೆಯ ದಿನಗಳಿವೆ.

ಎರಡನೆಯ ಉತ್ತರದಲ್ಲಿರುವ ವೇತನದ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದಿನ ಪ್ರಸ್ತಾವನೆಯಲ್ಲಿ ವರದಿ ಮತ್ತು ದಾಖಲೆಗಳ ಕೆಲಸಕ್ಕೆ ಪ್ರತ್ಯೇಕ ಹುದ್ದೆಯೊಂದನ್ನು ಆಯವ್ಯಯದಲ್ಲಿ ಸೇರಿಸಿ, ಆಡಳಿತ ಮಂಡಳಿ ಹಿಂಜರಿದರೂ ಪಟ್ಟು ಬಿಡಬೇಡಿ. ಹಾಗೆ ಉಳಿದ ಸಮಯದಲ್ಲಿ ಹೊಸ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಕ್ಷೇತ್ರಕ್ಕೆ ಹೋಗಿ. ನಿಮಗೆ ಗೊತ್ತಿರುವುದರಲ್ಲಿ ಬಹುಪಾಲು ಕಡತದಿಂದ ಕಲಿಯುವಂಥದ್ದಲ್ಲ.