ಪದ ಬೇಕು: ಗುಂಡಿನ ವೇಗ ಬ್ಯಾರೆಲ್‌ನಿಂದ ಬ್ಯಾರೆಲ್‌ಗೆ ‘ಬದಲಾಗುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕವನ್ನು ಕನ್ನಡ ಮಾಡಿಕೊಡಬೇಕು. ಫ್ಲೆಕ್ಸ್‌ನವನು ಸಂಜೆ 6ಕ್ಕೆ ಫೈಲ್ ಕೇಳಿದ್ದಾನೆ. ವಿಷಯ ಇಷ್ಟು: ಒಂದೇ ಮಾದರಿಯ, ಒಂದೇ ಉದ್ದದ ಎರಡು 9 ಮಿಮೀ ಪಿಸ್ತೂಲು, ಗುಂಡೂ ಒಂದೇ ಡಬ್ಬಿಯದು. ಆದರೂ ಒಂದರ ಗುಂಡು ಇನ್ನೊಂದರದ್ದಕ್ಕಿಂತ ಸೆಕೆಂಡಿಗೆ 10–15 ಮೀಟರ್ ಜಾಸ್ತಿ ಓಡಬಹುದು. ‘ಬ್ಯಾರೆಲ್ ಬದಲಾದಂತೆ ಗುಂಡಿನ ವೇಗ ಬದಲಾಗುತ್ತದೆ’ ಅಂತ ಬರೆದೆ, ಯಾಕೋ ಸರಿ ಕೇಳಿಸ್ತಿಲ್ಲ. ಬ್ಯಾರೆಲ್, ಅದರೊಳಗಿನ ಸುರುಳಿ ಗೆರೆಗಳ ಉಬ್ಬು ಮತ್ತು ತಗ್ಗು, ಟಾಲರೆನ್ಸ್ (ತಯಾರಿಕೆಯಲ್ಲಿ ಅಳತೆ ಇಷ್ಟು ಆಚೀಚೆಯಾದರೂ ನಡೆಯುತ್ತೆ ಅನ್ನೋ ಮಿತಿ), ಇವಕ್ಕೆ ಪದ ಕೊಡಿ. ವೇಗವೋ ಜವವೋ ಅದನ್ನೂ ಹೇಳಿ.

—

ನಳಿಗೆ. ಜೋಡು ನಳಿಗೆ ಕೋವಿ ಅಂದರೆ ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಇದಕ್ಕೂ ಚರ್ಚೆ ಬೇಕಾ?

—

ನಳಿಗೆ ಸಂಸ್ಕೃತದ ನಲಿಕಾ. ಊದುಕೊಳವೆ, ಕೊಳವೆಬಾವಿ ಎಲ್ಲ ನಮ್ಮ ಹತ್ತಿರವೇ ಇರುವಾಗ ಕೊಳವೆ ಯಾಕೆ ಆಗಬಾರದು? ವೇಗ, ಜವ ಎರಡೂ ಸಂಸ್ಕೃತವೇ, ‘ಬಿರುಸು’ ಹಾಕಿ. ಟಾಲರೆನ್ಸ್‌ಗೆ ‘ತಾಳಿಕೆ’. ಮುಗೀತು.

—

> ಟಾಲರೆನ್ಸ್‌ಗೆ ‘ತಾಳಿಕೆ’

ಪಿಸ್ತೂಲಿಗೆ ತಾಳ್ಮೆ ಜಾಸ್ತಿ ಅಂದ್ಕೋತಾರೆ ಸಾರ್.

—

ಪದ ಆಮೇಲೆ, ಮೊದಲು ವಾಕ್ಯ ನೋಡಿ. ನಿಮ್ಮ ತೊಂದರೆ ಇರುವುದು ‘ಬದಲಾಗು’ವಿನಲ್ಲಿ. ಬದಲಾಗುವುದು ಅಂದರೆ ಒಂದೇ ವಸ್ತು ಮೊದಲು ಹಾಗಿತ್ತು, ಆಮೇಲೆ ಹೀಗಾಯಿತು. ಅಣ್ಣತಮ್ಮಂದಿರ ಎತ್ತರ ಬದಲಾಗುತ್ತದೆ ಅಂತೀವಾ? ಹೆಚ್ಚುಕಮ್ಮಿ ಇದೆ ಅಂತೀವಿ. ಈ ಎರಡು ನಳಿಗೆಗಳೂ ಕಾರ್ಖಾನೆಯಿಂದ ಬರುವಾಗಲೇ ಬೇರೆ ಬೇರೆ. ಸಾವಿರಾರು ಗುಂಡು ಹಾರಿಸಿ ಒಂದೇ ನಳಿಗೆ ಸವೆದರೆ ಆಗ ಬೇಕಾದರೆ ‘ಬದಲಾಯಿತು’ ಅನ್ನಿ.

ನಾನು ಟೂಲ್‌ರೂಮಿನಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು, ಅದಕ್ಕೇ ಹೇಳುತ್ತೇನೆ. ತೂತು ಕೊರೆಯುವ ರೀಮರ್ ಹೊಸದರಲ್ಲಿ ಒಂದು ಅಳತೆ ಕೊಡುತ್ತದೆ, ನಾಲ್ಕು ಸಲ ಸಾಣೆ ಹಿಡಿದ ಮೇಲೆ ಕೂದಲೆಳೆಯಷ್ಟು ಸಣ್ಣದು ಕೊಡುತ್ತದೆ, ಎರಡೂ ಪಾಸ್ ಆಗುತ್ತವೆ. 9 ಮಿಮೀ ಪಿಸ್ತೂಲಿನ ನಳಿಗೆ ತಗ್ಗಿನಿಂದ ತಗ್ಗಿಗೆ ಸುಮಾರು 9.02 ಮಿಮೀ. ಅದು ಚೂರು ಬಿಗಿ ಇದ್ದರೆ ಹೊಗೆ ಸೋರುವುದು ಕಮ್ಮಿ, ಒತ್ತಡ ಜಾಸ್ತಿ, ಗುಂಡು ಸಾಮಾನ್ಯವಾಗಿ ಜೋರಾಗಿ ಹೊರಡುತ್ತದೆ. ಆದರೆ ಬಿಗಿಯಾದಷ್ಟೂ ಉಜ್ಜಾಟವೂ ಜಾಸ್ತಿ, ಹಾಗಾಗಿ ಇದನ್ನೇ ನಂಬಿ ಕೂರುವಂತಿಲ್ಲ. ತೋಟಾ ಕೂರುವ ಮನೆ ಸಡಿಲವಿದ್ದರೆ ಅಥವಾ ಗುಂಡು ಗೆರೆಗೆ ಸಿಕ್ಕಿಕೊಳ್ಳುವ ಮೊದಲು ಹಾರಬೇಕಾದ ಜಾಗ (ನಾನು ಗಂಟಲು ಅಂತೀನಿ) ಉದ್ದವಿದ್ದರೆ ಒತ್ತಡ ಇಳಿಯುತ್ತದೆ. ಒಳಮೈ ಒರಟೋ ನುಣುಪೋ, ಗೆರೆ ಕೊರೆದದ್ದೋ, ಗ್ಲಾಕ್ ಕಂಪನಿಯ ಪಿಸ್ತೂಲಿನಲ್ಲಿರುವ ಹಾಗೆ ಮೂಲೆ ಮೂಲೆಯಾಗಿ ಬಡಿದದ್ದೋ, ಅದೂ ಸೇರುತ್ತದೆ. ಎಲ್ಲ ಕೂಡಿ ಕೆಲವು ಸಲ ಗಿಡ್ಡ ನಳಿಗೆಯೇ ಉದ್ದದ್ದನ್ನು ಹಿಂದೆ ಹಾಕುತ್ತದೆ. ಫಲಕದಲ್ಲಿ ಇನ್ನೊಂದು ಮಾತು ಸೇರಿಸಿ: ಒಂದೇ ನಳಿಗೆಯಲ್ಲೂ ಗುಂಡಿನಿಂದ ಗುಂಡಿಗೆ ಹೆಚ್ಚುಕಮ್ಮಿ ಇರುತ್ತದೆ, ಅದಕ್ಕೇ ಹತ್ತು ಗುಂಡು ಹೊಡೆದು ಸರಾಸರಿ ತೆಗೆದು ಹೋಲಿಸಬೇಕು.

ಟಾಲರೆನ್ಸ್‌ಗೆ ‘ಹೆಚ್ಚುಕಮ್ಮಿ’ಯೇ ಸಾಕು. ಉಬ್ಬು ತಗ್ಗಿಗೆ ನಮ್ಮ ಹೊಲದಲ್ಲೇ ಪದ ಇದೆ: ಬೋದು, ಸಾಲು.

—

ಬೋದು–ಸಾಲು ಚೆನ್ನಾಗಿದೆ. ರಿವಾಲ್ವರ್ ಬಿಟ್ಟಿರಲ್ಲ? 9 ಮಿಮೀ ನಮ್ಮ ದೇಶದಲ್ಲಿ ನಿಷೇಧಿತ ಬೋರ್ (ಅಂದರೆ ಸಾಮಾನ್ಯರು ಇಟ್ಟುಕೊಳ್ಳಬಾರದ ಅಳತೆ), ಲೈಸೆನ್ಸ್ ಇರುವ ಸಾಮಾನ್ಯರ ಕೈಯಲ್ಲಿ ಕಾಣುವುದು ಕಾನ್ಪುರದ ಕಾರ್ಖಾನೆಯ .32 ಇಂಚಿನ ರಿವಾಲ್ವರ್ ತರದ್ದು. ಅದರಲ್ಲಿ ತಿರುಗುವ ಗೂಡಿಗೂ ನಳಿಗೆಗೂ ನಡುವೆ ಸಂದು ಇರುತ್ತದೆ. ನಮ್ಮ ಮಾವನದರಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿದ್ದೆ, 0.15 ಮಿಮೀ ಎಲೆ ಸಲೀಸಾಗಿ ಹೋಯಿತು, 0.20ರದ್ದು ಹೋಗಲಿಲ್ಲ. ಸಂದು ದೊಡ್ಡದಾದಷ್ಟೂ ಹೊಗೆ ಪಕ್ಕಕ್ಕೆ ಹೋಗುತ್ತದೆ, ಗುಂಡಿಗೆ ತಳ್ಳು ಕಮ್ಮಿ.

ಜವದ ಬಗ್ಗೆ: ಶಾಲೆ ಪುಸ್ತಕದ ಪ್ರಕಾರ ದಿಕ್ಕು ಸೇರಿದರೆ ವೇಗ, ಇಲ್ಲದಿದ್ದರೆ ಜವ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ದಿಕ್ಕು ನೋಡುವುದಿಲ್ಲ, ತನ್ನ ಎರಡು ಸೆನ್ಸರ್ ಕಣ್ಣುಗಳ ನಡುವೆ ಗುಂಡು ಹಾದ ಹೊತ್ತನ್ನಷ್ಟೇ ಲೆಕ್ಕ ಹಾಕುತ್ತದೆ. ಹಾಗಾಗಿ ಜವವೇ ಸರಿ. ಆದರೆ ಸುಮ್ನೆ ವೇಗ ಅಂತ ಹಾಕಿ, ಜವ ಅಂದರೆ ಯಮನ ಕಡೆಯವನು ಅಂದ್ಕೊಳ್ಳೋರು ಇದ್ದಾರೆ.

—

ಬ್ಯಾರೆಲ್ ಅಂತಲೇ ಬಿಟ್ಟರೆ ಯಾರ ಗಂಟು ಹೋಗುತ್ತೆ? ಪಿಸ್ತೂಲು ನಮ್ಮದಾ? ಬಂದೂಕು ಅರಬ್ಬಿಯ ಬುಂದುಕ್. ಮೊದಲು ಹೇಝಲ್ ಕಾಯಿ, ಆಮೇಲೆ ಅದರಂಥ ಸಣ್ಣ ಉಂಡೆ, ಕೊನೆಗೆ ಉಂಡೆ ಹೊಡೆಯುವ ಸಾಧನ. ಗುಂಡಿನಿಂದ ಕೋವಿಗೆ ಹೆಸರು ಬಂದಿದೆ. ತುಪಾಕಿ ತುರ್ಕಿಯದು, ಫಿರಂಗಿ ಅಂತೂ ಫ್ರಾಂಕರ ಹೆಸರೇ. ಮನೆ ತುಂಬ ನೆಂಟರು, ಒಬ್ಬ ಬ್ಯಾರೆಲ್‌ಗೆ ಮಾತ್ರ ಬಾಗಿಲು ಹಾಕ್ತೀರಿ.

—

ಬ್ಯಾರೆಲ್ ಅಂದರೆ ಪೀಪಾಯಿ. ಹಳೆಯ ಫಿರಂಗಿಯನ್ನು ಕಬ್ಬಿಣದ ಪಟ್ಟಿ ಜೋಡಿಸಿ ಬಳೆ ಹಾಕಿ ಪೀಪಾಯಿ ತರ ಕಟ್ಟುತ್ತಿದ್ದರು, ಅವರಿಗೆ ಆ ಹೆಸರು ಹೊಂದುತ್ತದೆ. ನಮಗೇನು?

—

ಪೀಪಾಯಿಯೂ ಪೋರ್ಚುಗೀಸರದ್ದೇ ಸ್ವಾಮಿ.

—

ಕೊಳವೆ ಅಂದೆ. ಯಾರೂ ಕೇಳಲಿಲ್ಲ. ನಿಮ್ಮಿಷ್ಟ.

—

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಕಳಿಸಿದ್ದು ಇದು: ‘ಒಂದೇ ಮಾದರಿಯ ಪಿಸ್ತೂಲುಗಳಲ್ಲೂ ಗುಂಡಿನ ವೇಗ ನಳಿಗೆಯಿಂದ ನಳಿಗೆಗೆ ಹೆಚ್ಚುಕಮ್ಮಿ ಇರುತ್ತದೆ. ನಳಿಗೆಯೊಳಗಿನ ಬೋದು–ಸಾಲುಗಳ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸಾಕು.’ ಫ್ಲೆಕ್ಸ್‌ನವನು ‘ಬೋದು’ ತಪ್ಪು ಅಂತ ತಾನೇ ತಿದ್ದಿ ‘ಬೋಧ’ ಮಾಡಿ ಪ್ರಿಂಟ್ ಹಾಕಿದ್ದಾನೆ. ಈಗ ಫೋನ್ ಎತ್ತುತ್ತಿಲ್ಲ.